ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರನ್ನು ನೋಡಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿದ್ದು ಇಬ್ಬರು ಕನ್ನಡದ ಹಿರಿಯರಿಂದ. ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಲ್ಲಿಗೆ ಹೋದವರು. ಕನ್ನಡದ ಜನರೇಟಿವ್ ವ್ಯಾಕರಣದ ಮೇಲೆ ಅವರು ಬರೆದ ಮಹಾಪ್ರಬಂಧಕ್ಕೆ ಇಂಡಿಯಾನಾ ವಿಶ್ವವಿದ್ಯಾಲಯ 1963ರಲ್ಲಿ ಪಿಎಚ್.ಡಿ. ಕೊಟ್ಟಿತು. ಹಾ.ಮಾ. ನಾಯಕರೂ ಅಲ್ಲೇ ಭಾಷಾವಿಜ್ಞಾನ ಓದಿ, ಗ್ರಾಂಥಿಕ ಕನ್ನಡ ಮತ್ತು ಆಡುಗನ್ನಡದ ಬಗ್ಗೆ ಪ್ರಬಂಧ ಬರೆದವರು. ಮುಸುಕಿನ ಜೋಳದ ಹೊಲಗಳ ನಡುವಿನ ಆ ಊರಿಗೆ ಕನ್ನಡ ಒಮ್ಮೆ ಹೋಗಿ ಕೂತು ಬಂದಿದೆ ಎಂಬುದೇ ನನಗೆ ಸಾಕಷ್ಟು ದೊಡ್ಡ ಕಾರಣವಾಗಿತ್ತು. ಈಗ ಅಕ್ಕನ ಮಗ ಅದೇ ವಿಶ್ವವಿದ್ಯಾಲಯದಲ್ಲಿ ಡೇಟಾ ಸೈನ್ಸ್ ಓದುತ್ತಿರುವುದರಿಂದ ಉಳಿಯಲು ಜಾಗವೂ ಸಿಕ್ಕಿತು.

ಇಂಡಿಯಾನಾಪೊಲಿಸ್ ವಿಮಾನ ನಿಲ್ದಾಣದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿ. ಅಕ್ಟೋಬರ್ ತಿಂಗಳು. ಜೋಳದ ಕಟಾವು ನಡೆದಿತ್ತು. ದೊಡ್ಡ ಯಂತ್ರಗಳು ಹೊಲದಲ್ಲಿ ಧೂಳೆಬ್ಬಿಸುತ್ತಿದ್ದವು. ಅರ್ಧ ದಾರಿಯವರೆಗೂ ನೆಲ ಒಂದೇ ಸಮ, ಆಮೇಲೆ ಸಣ್ಣ ಗುಡ್ಡಗಳು ಶುರು. ಕಡೆಯ ಹಿಮಯುಗದ ಹಿಮನದಿಗಳು ಉತ್ತರದ ನೆಲವನ್ನೆಲ್ಲ ಉಜ್ಜಿ ಸಮ ಮಾಡಿ, ಬ್ಲೂಮಿಂಗ್ಟನ್ ಮುಟ್ಟುವ ಮುಂಚೆಯೇ ನಿಂತುಬಿಟ್ಟವಂತೆ. ಅದಕ್ಕೇ ಈ ಸೀಮೆಯಲ್ಲಿ ಏರು, ತಗ್ಗು, ಮೇಪಲ್ ಮರಗಳ ಕಾಡು. ಕೆಳಗೆ ಸುಣ್ಣಕಲ್ಲಿನ ಹಾಸು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೊದಿಸಿದ ಕಲ್ಲು ಇಲ್ಲಿಂದ ಸ್ವಲ್ಪ ದಕ್ಷಿಣದ ಕ್ವಾರಿಯಿಂದ ಹೋದದ್ದು. ವಿಶ್ವವಿದ್ಯಾಲಯದ ಹಳೆಯ ಕಟ್ಟಡಗಳಿಗೂ ಅದೇ ಬೂದುಬಿಳಿ ಕಲ್ಲು.

ಮೊದಲ ದಿನ ನಾನು ಕಾಲ ಕಳೆದದ್ದು ಹರ್ಮನ್ ಬಿ. ವೆಲ್ಸ್ ಹೆಸರಿನ ಗ್ರಂಥಾಲಯದಲ್ಲಿ. ಕಿಟಕಿಗಳೇ ಕಡಿಮೆಯಿರುವ ಎರಡು ಭಾರಿ ಕಲ್ಲಿನ ಗೋಪುರಗಳು ಅವು. ವೆಲ್ಸ್ 1938ರಿಂದ 1962ರವರೆಗೆ ಈ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. ಒಂದು ಒಳನಾಡಿನ ರಾಜ್ಯದ ಕಾಲೇಜನ್ನು ಹೊರದೇಶದ ವಿದ್ಯಾರ್ಥಿಗಳಿಗೆ ತೆರೆದವರು. ರಾಮಾನುಜನ್ ಅಂಥವರು ಇಲ್ಲಿಗೆ ಬರಲು ದಾರಿಯಾದದ್ದು ಆ ಕಾಲದ ಈ ಉದಾರತೆಯಿಂದ. ಹಳೆಯ ಆವರಣದ ಮರಗಳ ಕೆಳಗೆ ವೆಲ್ಸ್ ಅವರ ಕಂಚಿನ ಪ್ರತಿಮೆ ಬೆಂಚಿನ ಮೇಲೆ ಕೂತು ಕೈ ಚಾಚಿದೆ. ಹೋಗಿಬರುವ ಹುಡುಗ ಹುಡುಗಿಯರು ಆ ಕೈ ಕುಲುಕುತ್ತಾರೆ. ನಾನೂ ಕುಲುಕಿದೆ.

ಗ್ರಂಥಾಲಯದ ಮಗ್ಗುಲಲ್ಲೇ ಒಂದು ಸಸ್ಯೋದ್ಯಾನವಿದೆ. ಮುಂಚೆ ಅಲ್ಲೊಂದು ಕ್ರೀಡಾಂಗಣವಿತ್ತು. 1979ರಲ್ಲಿ ಬಂದ ‘ಬ್ರೇಕಿಂಗ್ ಅವೇ’ ಚಿತ್ರದ ಸೈಕಲ್ ಸ್ಪರ್ಧೆಯ ದೃಶ್ಯಗಳನ್ನು ತೆಗೆದದ್ದು ಅಲ್ಲೇ. ಕ್ವಾರಿ ಕೆಲಸಗಾರರ ಮಕ್ಕಳು ಕಾಲೇಜಿನ ಶ್ರೀಮಂತ ಹುಡುಗರೆದುರು ಸೈಕಲ್ ತುಳಿದು ಗೆಲ್ಲುವ ಕತೆ. ಬರೆದ ಸ್ಟೀವ್ ಟೆಸಿಕ್ ಯುಗೊಸ್ಲಾವಿಯಾದಿಂದ ಬಂದು ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು, ಚಿತ್ರಕತೆಗೆ ಆಸ್ಕರ್ ಪಡೆದವರು. ನಾನು ಅದನ್ನೇ ಹೇಳುತ್ತ ನಿಂತಿದ್ದಾಗ ಅಕ್ಕನ ಮಗ ಮಾತು ತಿರುಗಿಸಿದ.

“ಮಾಮ, ಈಗ ಆ ಸೈಕಲ್ ರೇಸು ನಡೆಯೋದು ಫುಟ್‌ಬಾಲ್ ಗ್ರೌಂಡಲ್ಲಿ. ನಾಳೆ ರಾತ್ರಿ ಅಲ್ಲಿ ಮ್ಯಾಚ್ ಇದೆ. ಬನ್ನಿ, ತೋರಿಸ್ತೀನಿ.”

“ಅಮೆರಿಕದವರ ಫುಟ್‌ಬಾಲೋ, ನಮ್ಮದೋ?”

“ನಮ್ಮದೇ. ಇವರು ಸಾಕರ್ ಅಂತಾರಲ್ಲ, ಅದು. ಈ ಊರಲ್ಲಿ ದೇವರು ಅಂದ್ರೆ ಬಾಸ್ಕೆಟ್‌ಬಾಲು. ಆದ್ರೆ ಜಾಸ್ತಿ ಕಪ್ ಗೆದ್ದಿರೋದು ಸಾಕರ್ ಟೀಮು.”

ಅವನ ಮಾತು ನಿಜ. ಇಂಡಿಯಾನಾದ ಬಾಸ್ಕೆಟ್‌ಬಾಲ್ ತಂಡ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಪುರುಷರ ಸಾಕರ್ ತಂಡ ಎಂಟು ಸಲ.

ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣ ಆವರಣದ ಉತ್ತರಕ್ಕೆ, ಹದಿನೇಳನೇ ಬೀದಿಯಲ್ಲಿದೆ. ಎದುರಿಗೆ ವಿದ್ಯಾರ್ಥಿನಿಲಯ, ಅದೇ ಬೀದಿಯಲ್ಲಿ ಸ್ವಲ್ಪ ಮುಂದೆ ಬಾಸ್ಕೆಟ್‌ಬಾಲಿನ ಅಸೆಂಬ್ಲಿ ಹಾಲ್, ಅದರ ಪಕ್ಕ ಅಮೆರಿಕನ್ ಫುಟ್‌ಬಾಲಿನ ಬೃಹತ್ ಕ್ರೀಡಾಂಗಣ. ಅವುಗಳ ಮುಂದೆ ಇದು ಚಿಕ್ಕದು. ಹಸಿರು ಮೈದಾನದ ಸುತ್ತ ಕಪ್ಪು ಕಿಟ್ಟದ ಪುಡಿ ಹಾಸಿದ ಸೈಕಲ್ ಓಟದ ಹಾದಿ. ವಸಂತದಲ್ಲಿ ‘ಲಿಟಲ್ 500’ ಸ್ಪರ್ಧೆ. ನಾಲ್ವರ ತಂಡ, ಇನ್ನೂರು ಸುತ್ತು, ಐವತ್ತು ಮೈಲಿ. ಬೇಸಿಗೆ ಮುಗಿಯುತ್ತಿದ್ದಂತೆ ಒಳಗಿನ ಹುಲ್ಲು ಚೆಂಡಿನವರ ಪಾಲು. ಆರ್ಮ್‌ಸ್ಟ್ರಾಂಗ್ ಎಂಬುವರು ವಿಶ್ವವಿದ್ಯಾಲಯದ ಪ್ರತಿಷ್ಠಾನದ ಮುಖ್ಯಸ್ಥರಾಗಿದ್ದವರು. ಆ ಪ್ರತಿಷ್ಠಾನವೇ ಸೈಕಲ್ ಸ್ಪರ್ಧೆಯನ್ನೂ ಶುರು ಮಾಡಿದ್ದು. 1981ರಲ್ಲಿ ಈ ಕ್ರೀಡಾಂಗಣ ತೆರೆಯಿತು. ಒಳಗಿನ ಮೈದಾನಕ್ಕೆ ಈಗ ಬೇರೊಂದು ಹೆಸರಿದೆ: ಜೆರ್ರಿ ಯೀಗ್ಲಿ ಫೀಲ್ಡ್.

ಆ ರಾತ್ರಿ ಚಳಿ ಚೆನ್ನಾಗಿತ್ತು. ಇಂಡಿಯಾನಾದ ಹುಡುಗರು ಚೆಂಡನ್ನು ನೆಲ ಬಿಡಿಸದೆ ಸಣ್ಣ ಸಣ್ಣ ಪಾಸುಗಳಲ್ಲಿ ಆಡುತ್ತಿದ್ದರು. ಎದುರಾಳಿಗಳು ಎತ್ತರದ ಹೊಡೆತ ಹೊಡೆದು ಓಡುತ್ತಿದ್ದರು. ಚೆಂಡು ಗೆರೆ ದಾಟಿದಾಗಲೆಲ್ಲ ಕಿಟ್ಟದ ಮೇಲೆ ಕರಕರ ಸದ್ದು. ವಿದ್ಯಾರ್ಥಿಗಳ ಗುಂಪು ಎದುರು ತಂಡದ ಗೋಲ್‌ಕೀಪರನ ಬೆನ್ನ ಹಿಂದೆ ನಿಂತು ಅವನ ಹೆಸರು ಹಿಡಿದು ಕೂಗುತ್ತಿತ್ತು. ಮಧ್ಯಂತರದಲ್ಲಿ ಬಿಸಿ ಚಾಕೊಲೇಟ್ ಹಿಡಿದು ಕೂತಾಗ, ಮೈದಾನಕ್ಕೆ ಹೆಸರು ಕೊಟ್ಟವರ ಕತೆಯನ್ನು ಅಕ್ಕನ ಮಗ ತನಗೆ ತಿಳಿದಷ್ಟು ಹೇಳಿದ. ಉಳಿದದ್ದನ್ನು ನಾನು ಮುಂದಿನ ದಿನಗಳಲ್ಲಿ ಓದಿ ತಿಳಿದುಕೊಂಡೆ. ರಾಮಾನುಜನ್‌ರನ್ನು ಹುಡುಕಿಕೊಂಡು ಹೋದವನ ಮನಸ್ಸನ್ನು ಒಬ್ಬ ಪಿ.ಟಿ. ಮೇಷ್ಟ್ರು ಹಿಡಿದುಕೂತರು.

ಜೆರ್ರಿ ಯೀಗ್ಲಿ ಪೆನ್ಸಿಲ್ವೇನಿಯಾದವರು. ವೆಸ್ಟ್ ಚೆಸ್ಟರ್ ಎಂಬ ಶಿಕ್ಷಕರ ಕಾಲೇಜಿನ ಪರವಾಗಿ ಆಡಿ, 1961ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಫೈನಲಿನಲ್ಲಿ ಆ ತಂಡ ಸೋಲಿಸಿದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವನ್ನು. ಕಾಲೇಜು ಫುಟ್‌ಬಾಲಿನಲ್ಲಿ 1959ರಿಂದ 1973ರೊಳಗೆ ಹತ್ತು ಸಲ ಕಪ್ ಎತ್ತಿದ, ಆ ಕಾಲದ ಮಹಾತಂಡ ಅದು. 1963ರಲ್ಲಿ ಯೀಗ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಾಗಿ ಬ್ಲೂಮಿಂಗ್ಟನ್‌ಗೆ ಬಂದರು. ಇಪ್ಪತ್ತರ ಹರೆಯ. ಅಲ್ಲಿ ಸಾಕರ್ ಇತ್ತು, ಆದರೆ ಕ್ಲಬ್ಬಾಗಿ. ಬೇಗನೆ ಅದು ವಾರ್ಸಿಟಿ ತಂಡವಾಗುತ್ತದೆ ಎಂಬ ನಂಬಿಕೆಯಿಂದ ಅವರು ಕೆಲಸ ಹಿಡಿದರು. ಆದದ್ದು 1973ರಲ್ಲಿ. ನಡುವೆ ಹತ್ತು ವರ್ಷ.

ಕ್ಲಬ್ಬು ಮತ್ತು ವಾರ್ಸಿಟಿ ನಡುವಿನ ಅಂತರ ನಮ್ಮ ಓದುಗರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ವಾರ್ಸಿಟಿ ಎಂದರೆ ವಿಶ್ವವಿದ್ಯಾಲಯದ ಅಧಿಕೃತ ತಂಡ. ಅದಕ್ಕೆ ಬಜೆಟ್ ಉಂಟು, ವಿದ್ಯಾರ್ಥಿವೇತನ ಉಂಟು, ಊರೂರಿಗೆ ಹೋಗಲು ಬಸ್ಸು ಉಂಟು, ಗಾಯಕ್ಕೆ ವೈದ್ಯರು ಉಂಟು. ಎಲ್ಲಕ್ಕಿಂತ ಮುಖ್ಯವಾಗಿ ರಾಷ್ಟ್ರೀಯ ಟೂರ್ನಿಯಲ್ಲಿ ಆಡುವ ಹಕ್ಕು ಉಂಟು. ಕ್ಲಬ್ಬಿಗೆ ಇದ್ಯಾವುದೂ ಇಲ್ಲ. ಆಟ ಇಷ್ಟವಿರುವ ಹುಡುಗರು ಸೇರಿ ಆಡಿಕೊಳ್ಳುವುದು. ಚೆಂಡು, ಬಟ್ಟೆ, ಪೆಟ್ರೋಲು, ಊಟದ ಖರ್ಚಿಗೆಲ್ಲ ತಮ್ಮ ಜೇಬು. ಎಷ್ಟೇ ಗೆದ್ದರೂ ಮುಂದಿನ ಮೆಟ್ಟಿಲು ಇಲ್ಲ, ಏಕೆಂದರೆ ಟೂರ್ನಿಗೆ ಅವರನ್ನು ಯಾರೂ ಕರೆಯುವುದಿಲ್ಲ. ನಾವು ಚಿಕ್ಕಂದಿನಲ್ಲಿ ತಮ್ಮನನ್ನೋ ತಂಗಿಯನ್ನೋ ಸೇರಿಸಿಕೊಳ್ಳುವಾಗ ಅನ್ನುತ್ತಿದ್ದೆವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು. ಕ್ಲಬ್ ತಂಡದ ಪಾಡು ನಿಖರವಾಗಿ ಅದು.

ಆ ಹತ್ತು ವರ್ಷಗಳ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸಿದೆ. ಪದವಿಗೆ ನಾಲ್ಕು ವರ್ಷ. 1963ರಲ್ಲಿ ಬಂದ ಹುಡುಗ 1967ಕ್ಕೆ ಹೋದ. ಆಮೇಲೆ ಬಂದವನು 1971ಕ್ಕೆ ಹೋದ. ಎರಡು ತಲೆಮಾರಿನ ಆಟಗಾರರು ಬಂದು, ಆಡಿ, ಮೊಣಕಾಲು ಕೆತ್ತಿಸಿಕೊಂಡು, ಪದವಿ ಪತ್ರ ಹಿಡಿದು ಹೊರಟುಹೋದರು. ಅವರು ಕಾಯುತ್ತಿದ್ದ ಮಾನ್ಯತೆ ಅವರಿಗೆ ಸಿಗಲೇ ಇಲ್ಲ. ಅದು ಸಿಗುವ ಹೊತ್ತಿಗೆ ಅವರಲ್ಲಿ ಕೆಲವರು ಮಕ್ಕಳ ತಂದೆಯರಾಗಿರಬೇಕು. ಆ ದಶಕ ಬೇರೆ ವಿಯೆಟ್ನಾಂ ಯುದ್ಧದ ದಶಕ; ಓದು ಮುಗಿಸಿದ ಹುಡುಗನ ಮನೆಗೆ ಸೈನ್ಯದ ಕರೆ ಬರುತ್ತಿದ್ದ ಕಾಲ. ಅಂಥ ದಿನಗಳಲ್ಲಿ ಸಂಜೆ ಪಾಠ ಮುಗಿಸಿ ಬಂದು, ತನಗೆ ಏನೂ ಸಿಗುವುದಿಲ್ಲ ಎಂದು ತಿಳಿದೂ ಓಡಿದವರು ಅವರು.

ಕೋಚ್ ಆದವನಿಗೆ ಇದು ಇನ್ನೂ ಕಷ್ಟ. ಆಟಗಾರ ನಾಲ್ಕು ವರ್ಷಕ್ಕೆ ಬಿಡುಗಡೆ ಹೊಂದುತ್ತಾನೆ, ಕೋಚ್ ಹೊಂದುವುದಿಲ್ಲ. ಪ್ರತಿ ಆಗಸ್ಟಿನಲ್ಲಿ ಹೊಸ ಮುಖಗಳ ಎದುರು ನಿಂತು, ಈ ವರ್ಷವಲ್ಲದಿದ್ದರೆ ಬರುವ ವರ್ಷ ಎಂಬ ಆಸೆಯನ್ನು ತಾನು ಮೊದಲು ನಂಬಿ ಆಮೇಲೆ ಅವರಿಗೆ ನಂಬಿಸಬೇಕು. ಯೀಗ್ಲಿ ಬಯಸಿದ್ದರೆ ಸಾಕರ್ ಬಲ್ಲ ಪೂರ್ವತೀರದ ಯಾವುದಾದರೂ ಕಾಲೇಜಿಗೆ ಹೊರಟುಹೋಗಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಅವರು ಹೋಗಲಿಲ್ಲ. ಬ್ಲೂಮಿಂಗ್ಟನ್‌ನಲ್ಲೇ ಕೂತರು.

ಕ್ರೀಡಾ ವಿಭಾಗಕ್ಕೆ ಆಗ ಸಾಕರ್ ಬೇಡವಾಗಿದ್ದಕ್ಕೆ ಅದರದೇ ಕಾರಣಗಳಿದ್ದವು. ದುಡ್ಡು ತರುವುದು ಅಮೆರಿಕನ್ ಫುಟ್‌ಬಾಲು, ಬಾಸ್ಕೆಟ್‌ಬಾಲು. ತಿನ್ನುವುದು ಮಿಕ್ಕ ಎಲ್ಲ ಆಟಗಳು. ಹೊಸ ಬಾಯೊಂದನ್ನು ಪಂಕ್ತಿಗೆ ಕೂರಿಸುವ ಉತ್ಸಾಹ ಯಾವ ವಿಭಾಗಕ್ಕೂ ಇರುವುದಿಲ್ಲ. ಈಜಿನಲ್ಲಿ ಡಾಕ್ ಕೌನ್ಸಿಲ್‌ಮನ್ ಎಂಬ ಮಹಾಗುರು ಇದ್ದರು. ಅವರ ತಂಡ 1968ರಿಂದ 1973ರವರೆಗೆ ಸತತ ಆರು ವರ್ಷ ದೇಶಕ್ಕೆ ಮೊದಲು ಬಂತು. ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಅವರ ಶಿಷ್ಯ. 1971ರಲ್ಲಿ ಬಾಬ್ ನೈಟ್ ಬಾಸ್ಕೆಟ್‌ಬಾಲ್ ಕೋಚ್ ಆಗಿ ಬಂದರು. ಇಂಥ ಘಟಾನುಘಟಿಗಳ ನಡುವೆ, ಹೊರದೇಶದವರ ಆಟವೆಂದು ಊರು ತಿಳಿದಿದ್ದ ಒಂದು ಆಟಕ್ಕೆ ಜಾಗ ಕೇಳುತ್ತಿದ್ದವರು ಯೀಗ್ಲಿ.

ಇದನ್ನು ಓದುವಾಗ ನನಗೆ ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ನೆನಪಾದರು. ನಮ್ಮಲ್ಲಿ ತಂಡ ಕಟ್ಟಿದ ಪಿ.ಟಿ. ಮೇಷ್ಟ್ರುಗಳೇನು ಕಡಿಮೆಯೇ? ಬೆಳಗಿನ ಜಾವ ಬೀಗದ ಕೈ ಹಿಡಿದು ಮೈದಾನದ ಗೇಟು ತೆಗೆದವರು, ಸುಣ್ಣದ ಗೆರೆ ತಾವೇ ಎಳೆದವರು, ಅಂತರ ಕಾಲೇಜು ಪಂದ್ಯಕ್ಕೆ ಹೋಗುವಾಗ ಹುಡುಗರ ಬಸ್ ಚಾರ್ಜು ಕೈಯಿಂದ ಕೊಟ್ಟವರು ಊರೂರಲ್ಲೂ ಇದ್ದಾರೆ. ಕರ್ನಾಟಕ 2023ರಲ್ಲಿ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದಾಗ ಪತ್ರಿಕೆಗಳೆಲ್ಲ 54 ವರ್ಷಗಳ ನಂತರದ ಗೆಲುವು ಎಂದು ಬರೆದವು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ನಡುವಿನ ಆ 54 ವರ್ಷ ಆಸ್ಟಿನ್ ಟೌನಿನಲ್ಲಿ, ಹಲಸೂರಿನಲ್ಲಿ, ಗೌತಮಪುರದಲ್ಲಿ ಆಟ ನಿಲ್ಲದಂತೆ ನೋಡಿಕೊಂಡವರು ಯಾರು? ಅವರ ಹೆಸರುಗಳನ್ನು ಒಂದು ಕಡೆ ಬರೆದಿಟ್ಟ ಪುಸ್ತಕ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಅದನ್ನು ನಾನು ಕಣ್ಣಿಗೊತ್ತಿಕೊಂಡು ಓದುತ್ತೇನೆ.

1973ರಲ್ಲಿ ಮಾನ್ಯತೆ ಸಿಕ್ಕಿದ ಮೇಲೆ ಕೆಲಸ ಬೇಗ ಬೇಗ ನಡೆಯಿತು. ಇಂಡಿಯಾನಾದ ಶಾಲೆಗಳಲ್ಲಿ ಸಾಕರ್ ಆಡುವವರು ಆಗ ವಿರಳ. ಯೀಗ್ಲಿ ಪಶ್ಚಿಮಕ್ಕೆ, ಸೇಂಟ್ ಲೂಯಿಸ್ ಕಡೆ ನೋಡಿದರು. ಆ ನಗರದ ಚರ್ಚುಗಳ ಕೇರಿಗಳಲ್ಲಿ ಮಕ್ಕಳು ಹುಟ್ಟಿನಿಂದ ಚೆಂಡು ಒದೆಯುತ್ತ ಬೆಳೆಯುತ್ತಿದ್ದರು. ತಮ್ಮ ಕಾಲೇಜು 1961ರಲ್ಲಿ ಯಾರನ್ನು ಸೋಲಿಸಿತ್ತೋ ಅವರ ಅಂಗಳದಿಂದಲೇ ಹುಡುಗರನ್ನು ಕರೆತಂದರು. ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿ ಷಿಕಾಗೊ ಬದಿಯಲ್ಲಿ ಬೆಳೆದ ಏಂಜೆಲೊ ಡಿಬರ್ನಾರ್ಡೊ ಬಂದ; 1978ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹರ್ಮನ್ ಟ್ರೋಫಿ ಗೆದ್ದ. ಹೊಂಡುರಾಸ್‌ನಿಂದ ಅರ್ಮಾಂಡೊ ಬೆಟಾನ್‌ಕೋರ್ಟ್ ಬಂದ.

1976ರಲ್ಲಿ, ಅಂದರೆ ಮಾನ್ಯತೆ ಸಿಕ್ಕ ನಾಲ್ಕನೆಯ ಋತುವಿನಲ್ಲಿ, ತಂಡ ರಾಷ್ಟ್ರೀಯ ಫೈನಲ್ ತಲುಪಿತು. ಅದೇ ವರ್ಷ ಬಾಬ್ ನೈಟ್ ಅವರ ಬಾಸ್ಕೆಟ್‌ಬಾಲ್ ತಂಡ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಗಿತ್ತು. ಊರಿನ ಕಣ್ಣೆಲ್ಲ ಆ ಕಡೆ. ಸಾಕರ್ ಫೈನಲಿನಲ್ಲಿ ಎದುರಾದದ್ದು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ. 1–0ರಿಂದ ಇಂಡಿಯಾನಾ ಸೋತಿತು. 1978ರಲ್ಲಿ ಮತ್ತೆ ಫೈನಲ್, ಮತ್ತೆ ಸ್ಯಾನ್ ಫ್ರಾನ್ಸಿಸ್ಕೊ, 2–0 ಸೋಲು. 1980ರಲ್ಲಿ ಮತ್ತೆ ಅವರೇ; ಹೆಚ್ಚುವರಿ ಸಮಯಕ್ಕೆ ಹೋಗಿ 4–3 ಸೋಲು. ಒಂದೇ ತಂಡದ ಕೈಯಲ್ಲಿ ಮೂರು ಫೈನಲ್ ಸೋಲುವುದೆಂದರೆ ಎಂಥ ಹೊಟ್ಟೆಯುರಿ! ಹೊಸ ತಂಡ ಕಟ್ಟುವವನಿಗೆ ನಿಜವಾದ ಪರೀಕ್ಷೆ ಇದೇ ಎಂದು ನನಗೆ ತೋರುತ್ತದೆ. ಏನೂ ಇಲ್ಲದಾಗ ಕಾಯುವುದು ಒಂದು ಬಗೆ. ಎಲ್ಲ ಇದ್ದೂ, ಬಾಗಿಲವರೆಗೆ ಹೋಗಿ, ಒಳಗೆ ಬಿಡದೆ ವಾಪಸು ಕಳಿಸಿದಾಗ ಅದೇ ಹುಡುಗರನ್ನು ಮತ್ತೆ ಮೈದಾನಕ್ಕೆ ಕರೆತರುವುದು ಬೇರೆಯೇ ಬಗೆ.

ಇಲ್ಲಿ ಲೆಕ್ಕದ ಇನ್ನೊಂದು ವಿಚಿತ್ರವಿದೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಿಯಮದ ಪ್ರಕಾರ ಅರ್ಹನಲ್ಲದ ಆಟಗಾರನನ್ನು ಆಡಿಸಿತ್ತೆಂದು ಆ ಪ್ರಶಸ್ತಿಯನ್ನು ಆಮೇಲೆ ರದ್ದು ಮಾಡಿದರು. ಹಾಗೆಂದು ಇಂಡಿಯಾನಾಕ್ಕೆ ಅದು ಬರಲಿಲ್ಲ. ಚಾಂಪಿಯನ್ನರ ಪಟ್ಟಿಯಲ್ಲಿ ಆ ವರ್ಷದ ಜಾಗ ತೆರವು. ಡಿಬರ್ನಾರ್ಡೊ ಮತ್ತು ಜೊತೆಗಾರರು ಆ ದಿನ ಬೆವರಿಳಿಸಿ ಆಡಿ ಸೋತದ್ದು ಮಾತ್ರ ನಿಜವಾಗಿಯೇ ಉಳಿದಿದೆ.

ಗೆಲುವು ಬಂದದ್ದು 1982ರಲ್ಲಿ, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಎದುರು. ತೊಂಬತ್ತು ನಿಮಿಷಕ್ಕೆ 1–1. ಹೆಚ್ಚುವರಿ ಅವಧಿ ಒಂದು, ಎರಡು, ಮೂರು... ಎಂಟನೆಯದಕ್ಕೆ ಹೋಯಿತು. ಎರಡು ಪಂದ್ಯಕ್ಕೆ ಹತ್ತಿರ ಹತ್ತಿರ ಆಡಿಯಾಗಿತ್ತು. ಕಾಲು ಸೆಟೆದುಕೊಳ್ಳುವ ಹೊತ್ತಿನಲ್ಲಿ ಗ್ರೆಗ್ ಥಾಂಪ್ಸನ್ ಎಂಬ ಡಿಫೆಂಡರ್ ಫ್ರೀ ಕಿಕ್‌ನಿಂದ ಗೋಲು ಹೊಡೆದ. ಇಂಡಿಯಾನಾದ ಮೊದಲ ಗೋಲೂ ಅವನದೇ. ಈಗಿನ ನಿಯಮದಲ್ಲಿ ಇಂಥ ಪಂದ್ಯ ನಡೆಯಲು ಸಾಧ್ಯವಿಲ್ಲ. 2022ರಿಂದ ಟೂರ್ನಿಯಲ್ಲಿ ಹತ್ತು ಹತ್ತು ನಿಮಿಷದ ಎರಡು ಹೆಚ್ಚುವರಿ ಅವಧಿ, ಆಮೇಲೆ ಪೆನಾಲ್ಟಿ ಶೂಟೌಟ್. ಆಟಗಾರರ ಮೈಗೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೂ ಹತ್ತು ವರ್ಷ ಹೊರಗೆ ನಿಂತು, ಮೂರು ಫೈನಲ್ ಕಳೆದುಕೊಂಡ ತಂಡಕ್ಕೆ ಮೊದಲ ಕಪ್ಪು ಎಂಟು ಅವಧಿ ಕಾಯಿಸಿ ಸಿಕ್ಕಿತು ಎಂಬುದರಲ್ಲಿ ಒಂದು ನ್ಯಾಯವಿದೆ. ಕಾಯುವುದರಲ್ಲಿ ಆ ತಂಡವನ್ನು ಮೀರಿಸುವವರು ಯಾರಿದ್ದರು?

ಮುಂದಿನ ವರ್ಷ ಮತ್ತೆ ಗೆದ್ದರು. 1984ರ ಫೈನಲಿನಲ್ಲಿ ಕ್ಲೆಮ್ಸನ್ ಕೈಯಲ್ಲಿ ಸೋತರು. ಅದೂ ಹೇಳಬೇಕಾದ ಸಂಗತಿ, ಏಕೆಂದರೆ ಕ್ಲೆಮ್ಸನ್ ತಂಡವನ್ನು ಕಟ್ಟಿದವರು ಐ.ಎಂ. ಇಬ್ರಾಹಿಂ. ಪ್ಯಾಲೆಸ್ಟೈನ್‌ನ ಹೈಫಾದಲ್ಲಿ ಹುಟ್ಟಿ, ಸೌತ್ ಕ್ಯಾರೊಲಿನಾಕ್ಕೆ ರಸಾಯನಶಾಸ್ತ್ರದ ಪಿಎಚ್.ಡಿ. ಮಾಡಲು ಬಂದು, 1967ರಲ್ಲಿ ತಂಡವನ್ನು ಬರಿಗೈಯಲ್ಲಿ ಶುರು ಮಾಡಿದವರು. ಅಂದಿನ ಫೈನಲಿನ ಎರಡೂ ಬದಿಯ ಬೆಂಚಿನ ಮೇಲೆ ತಂತಮ್ಮ ತಂಡವನ್ನು ಸೊನ್ನೆಯಿಂದ ಕಟ್ಟಿದ ಇಬ್ಬರು ಮೇಷ್ಟ್ರು ಕೂತಿದ್ದರು. 1988ರಲ್ಲಿ ಯೀಗ್ಲಿ ತಮ್ಮದೇ ಊರಿನ ಈ ಮೈದಾನದಲ್ಲಿ ಹೊವರ್ಡ್ ವಿಶ್ವವಿದ್ಯಾಲಯವನ್ನು ಸೋಲಿಸಿ ಕಪ್ಪು ಎತ್ತಿದರು. 1998, 1999ರಲ್ಲಿ ಮತ್ತೆರಡು. ಆದರೆ ಬಿಗ್ ಟೆನ್ ಎಂಬ ಅವರ ಸ್ವಂತ ವಿಶ್ವವಿದ್ಯಾಲಯ ಒಕ್ಕೂಟ ಪುರುಷರ ಸಾಕರ್ ಟೂರ್ನಿ ಶುರು ಮಾಡಿದ್ದು 1991ರಲ್ಲಿ. ಅಲ್ಲಿಯವರೆಗೆ ಮೂರು ಸಲ ದೇಶಕ್ಕೇ ಮೊದಲು ಬಂದಿದ್ದ ತಂಡಕ್ಕೆ ನೆರೆಮನೆಯವರ ಜೊತೆ ಆಡಲು ಒಂದು ಲೀಗ್ ಇರಲಿಲ್ಲ.

ಹುಡುಗಿಯರ ಪಾಲಿಗೆ ಇನ್ನೂ ತಡ. ಕಾಲೇಜಿನ ಶಿಕ್ಷಣ ಮತ್ತು ಕ್ರೀಡೆಯಲ್ಲಿ ಹೆಣ್ಣು ಗಂಡಿಗೆ ಸಮಾನ ಅವಕಾಶ ಕೊಡಬೇಕೆಂಬ ಟೈಟಲ್ ನೈನ್ ಕಾನೂನು 1972ರಲ್ಲೇ ಬಂದಿತ್ತು. ಇಂಡಿಯಾನಾದ ಮಹಿಳಾ ಸಾಕರ್ ತಂಡ ವಾರ್ಸಿಟಿ ಆದದ್ದು 1993ರಲ್ಲಿ. ಹುಡುಗರು ಹತ್ತು ವರ್ಷ ಕಾದದ್ದನ್ನು ನಾನು ಇಷ್ಟು ಮರುಕದಿಂದ ಬರೆಯುತ್ತಿರುವಾಗ, ಅವರ ಕಣ್ಣೆದುರೇ ಇನ್ನೂ ಇಪ್ಪತ್ತು ವರ್ಷ ಕಾದ ಹುಡುಗಿಯರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

2003 ಯೀಗ್ಲಿಯವರ ಕಡೆಯ ಋತು. ಆರಂಭ ಚೆನ್ನಾಗಿರಲಿಲ್ಲ, ಆದರೆ ಡಿಸೆಂಬರಿನ ಹೊತ್ತಿಗೆ ತಂಡ ಫೈನಲಿನಲ್ಲಿತ್ತು. ಓಹಾಯೊದ ಕೊಲಂಬಸ್‌ನಲ್ಲಿ ಸೇಂಟ್ ಜಾನ್ಸ್ ವಿರುದ್ಧ 2–1. ಆರನೆಯ ಪ್ರಶಸ್ತಿ. ಬ್ಲೂಮಿಂಗ್ಟನ್‌ಗೆ ಬಂದು ನಲವತ್ತು ವರ್ಷವಾಗಿತ್ತು. ಅವರ ಹಳೆಯ ಆಟಗಾರ, ಸಹಾಯಕನಾಗಿದ್ದ ಮೈಕ್ ಫ್ರೈಟಾಗ್ ಮರುವರ್ಷವೇ ಏಳನೆಯದನ್ನು ಗೆದ್ದರು. ಮಗ ಟಾಡ್ ಯೀಗ್ಲಿ 2010ರಲ್ಲಿ ಕೋಚ್ ಆಗಿ 2012ರಲ್ಲಿ ಎಂಟನೆಯದನ್ನು ತಂದರು. ಇನ್ನೊಬ್ಬ ಶಿಷ್ಯ ಕೇಲಬ್ ಪೋರ್ಟರ್ ಆಕ್ರನ್ ವಿಶ್ವವಿದ್ಯಾಲಯಕ್ಕೆ 2010ರಲ್ಲಿ ಕಪ್ಪು ಗೆದ್ದುಕೊಟ್ಟು, ಆಮೇಲೆ ವೃತ್ತಿಪರ ಲೀಗಿನಲ್ಲಿ ಎರಡು ಬೇರೆ ಬೇರೆ ತಂಡಗಳನ್ನು ಚಾಂಪಿಯನ್ ಮಾಡಿದರು.

ಯೀಗ್ಲಿಯವರ ಅಧಿಕೃತ ಲೆಕ್ಕ ಹೀಗಿದೆ: 544 ಗೆಲುವು, 101 ಸೋಲು, 45 ಡ್ರಾ. ಈ ಅಂಕಿಗಳನ್ನು ನಾನು ಎಷ್ಟೋ ಕಡೆ ಓದಿದೆ. ಎಲ್ಲ ಕಡೆಯೂ ಲೆಕ್ಕ ಶುರುವಾಗುವುದು 1973ರಿಂದ. ಕ್ಲಬ್ಬಿನ ಹತ್ತು ವರ್ಷದ ಗೆಲುವುಗಳು ಆ 544ರಲ್ಲಿ ಸೇರಿಲ್ಲ. ನಿಯಮದ ಪ್ರಕಾರ ಅದು ಸರಿ, ವಾರ್ಸಿಟಿ ಅಲ್ಲದ ಪಂದ್ಯವನ್ನು ವಾರ್ಸಿಟಿ ಪಟ್ಟಿಗೆ ಸೇರಿಸಲಾಗದು. ನನಗೆ ಅಂಕಿ ತಿದ್ದಬೇಕೆಂಬ ಆಸೆಯೂ ಇಲ್ಲ. ಆದರೆ ಮೊದಲ ಹತ್ತು ವರ್ಷ ಆಡಿದ ಹುಡುಗರ ಹೆಸರುಗಳು ಆ ಕ್ರೀಡಾಂಗಣದ ಒಂದು ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಕಡೆ, ಊರಿನದೇ ಸುಣ್ಣಕಲ್ಲಿನಲ್ಲಿ ಕೊರೆದಿರಬೇಕು ಎಂದು ಬಲವಾಗಿ ಅನ್ನಿಸಿತು. ಎಂಟು ಕಪ್ಪುಗಳ ಅಡಿಪಾಯ ಅವರು.

ಇವತ್ತು ಹೊಸ ತಂಡ ಕಟ್ಟುವವರ ದಾರಿ ಬೇರೆ. 2021ರ ವಸಂತದಲ್ಲಿ ನಡೆದ ಫೈನಲಿನಲ್ಲಿ ಇಂಡಿಯಾನಾವನ್ನು ಹೆಚ್ಚುವರಿ ಸಮಯದಲ್ಲಿ 1–0ರಿಂದ ಸೋಲಿಸಿದ್ದು ಅಲ್ಲಿಯವರೆಗೆ ಯಾವ ದೊಡ್ಡ ಹೆಸರೂ ಇಲ್ಲದ ಮಾರ್ಷಲ್. ಇಂಗ್ಲೆಂಡಿನಿಂದ ಬಂದ ಕೋಚು, ಹಲವು ದೇಶಗಳಿಂದ ಆರಿಸಿ ತಂದ ಆಟಗಾರರು. ಈಗಿನ ಆಟಗಾರ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸುಲಭವಾಗಿ ವರ್ಗವಾಗಬಹುದು. ಬಹುಕಾಲ ಒಂದು ಪುರುಷರ ತಂಡಕ್ಕೆ ಒಟ್ಟು 9.9 ಪೂರ್ಣ ವಿದ್ಯಾರ್ಥಿವೇತನಗಳಷ್ಟೇ ಇದ್ದವು. ಅದನ್ನೇ ತುಂಡು ತುಂಡು ಮಾಡಿ ಇಪ್ಪತ್ತೈದು ಮೂವತ್ತು ಹುಡುಗರಿಗೆ ಹಂಚುವುದು ಕೋಚಿನ ಕಷ್ಟದ ಲೆಕ್ಕಾಚಾರವಾಗಿತ್ತು. ಆ ಮಿತಿ ಈಗ ಬದಲಾಗಿದೆ. ಹೊಸ ಕೋಚಿನಿಂದ ಮೂರೇ ವರ್ಷದಲ್ಲಿ ಫಲ ಕೇಳುವ ಕಾಲ ಇದು. ಮಾರ್ಷಲ್ ಆಟ ಚೆಂದವೇ ಇತ್ತು, ಗೆಲುವಿಗೆ ಅರ್ಹರೇ. ಆದರೆ ಹತ್ತು ವರ್ಷ ಕೊಟ್ಟು ನೋಡುವ ತಾಳ್ಮೆ ಈಗ ಯಾವ ಆಡಳಿತಕ್ಕಿದೆ, ಹತ್ತು ವರ್ಷ ಕೂರುವ ಮೇಷ್ಟ್ರಾದರೂ ಎಲ್ಲಿ ಸಿಗುತ್ತಾರೆ ಎಂದು ನನಗೆ ನಿಜಕ್ಕೂ ಚಿಂತೆ.

ಹೊರಡುವ ಹಿಂದಿನ ಸಂಜೆ ನಾಲ್ಕನೇ ಬೀದಿಯ ಒಂದು ಇಂಡಿಯನ್ ಹೋಟೆಲಿನಲ್ಲಿ ಊಟ ಮಾಡುತ್ತ ಅಕ್ಕನ ಮಗನ ಹತ್ತಿರ ಇದನ್ನೆಲ್ಲ ಹೇಳಿದೆ. ಅವನು ಚಪಾತಿ ಮುರಿಯುತ್ತ ಕೇಳಿಸಿಕೊಂಡ. ಅವನೂ ಗೆಳೆಯರೂ ವಾರಕ್ಕೊಂದು ಸಂಜೆ ಆಡುವುದು ನನಗೆ ಗೊತ್ತಿತ್ತು. ಕೇರಳದವರು, ನೈಜೀರಿಯಾದವರು, ಕೊರಿಯಾದ ಒಬ್ಬ, ಬೆಂಗಳೂರಿನ ಇಬ್ಬರು. ಎಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳು.

“ನಿಮ್ಮ ತಂಡಕ್ಕೆ ಹೆಸರೇನು?” ಎಂದೆ.

“ಹೆಸರೇನೂ ಇಟ್ಟಿಲ್ಲ ಮಾಮ. ಶನಿವಾರ ಇಂಡಿಯಾನಾಪೊಲಿಸ್ಸಿಗೆ ಹೋಗ್ತಿದೀವಿ, ಅಲ್ಲೊಂದು ಗುಂಪಿದೆ, ಅವರ ಜೊತೆ ಮ್ಯಾಚು. ಎರಡು ಕಾರು. ಪೆಟ್ರೋಲ್ ದುಡ್ಡು ಎಲ್ಲರೂ ಹಾಕ್ಕೋತೀವಿ.”

“ಯಾರ್ಯಾರು ಆಡಿದ್ರು, ಎಷ್ಟು ಗೋಲು ಅಂತ ಬರೆದಿಡ್ತೀರೇನೋ?”

“ಇಲ್ಲ.”

“ಬರೆದಿಡು,” ಎಂದೆ. ಅವನು ನಗುತ್ತ ಫೋನ್ ತೆಗೆದು, ಹಿಂದಿನ ವಾರದ ಪಂದ್ಯದಿಂದಲೇ ಶುರು ಮಾಡಿದ. ಒಬ್ಬನ ಪೂರ್ತಿ ಹೆಸರು ನೆನಪಾಗದೆ ಅಲ್ಲಿಂದಲೇ ಗೆಳೆಯನಿಗೆ ಫೋನು ಮಾಡಿ ಕೇಳಿದ.